ವಿಳಾಸವಿರುವ ಪಠ್ಯ: ಕೊಲ್ಹಾಪುರ ಸೀಮೆಯ ಕನ್ನಡ ಓದುಗ ಮತ್ತು ಡೇಟಾಬೇಸಿನೊಳಗಿನ ಸಾಹಿತ್ಯ

1

ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಕೆ.ಜಿ. ಕುಂದಣಗಾರರು ಉತ್ತರ ಕರ್ನಾಟಕದ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳ ಸಂಪುಟವನ್ನು 1939ರಲ್ಲಿ ಅದೇ ಊರಿನಿಂದ ಹೊರತಂದರು. ಗ್ರಂಥದ ಹೆಸರು ಇಂಗ್ಲಿಷಿನದು, ಶಾಸನಗಳ ಮುಖ್ಯ ಭಾಷೆ ಕನ್ನಡ, ಅವು ದೊರೆತ ಎಷ್ಟೋ ಊರುಗಳ ಇಂದಿನ ಆಡಳಿತ ಭಾಷೆ ಮರಾಠಿ. ಅದೇ ಕಾಲೇಜಿನಲ್ಲಿ ಆ.ನೇ. ಉಪಾಧ್ಯೆಯವರು ಪ್ರಾಕೃತವನ್ನು ಕಲಿಸುತ್ತಿದ್ದರು. ಹಲವು ಭಾಷೆಗಳ ಕೂಡುದಾರಿಯಲ್ಲಿ ನಿಂತು ಕೆಲಸಮಾಡಿದ ಆ ವಿದ್ವಾಂಸರಿಗೆ ಒಂದು ಸಂಗತಿ ಸ್ಪಷ್ಟವಾಗಿತ್ತು: ಪಠ್ಯವನ್ನು ಓದಿ ಅಚ್ಚುಮಾಡಿದ ಮಾತ್ರಕ್ಕೆ ಸಂಪಾದನೆ ಮುಗಿಯುವುದಿಲ್ಲ, ಆ ಪಠ್ಯವನ್ನು ಹುಡುಕಿಕೊಂಡು ಬರುವವನಿಗೆ ದಾರಿಯನ್ನೂ ಹಾಕಿಕೊಡಬೇಕು. ಶಾಸನ ಸಂಪುಟಗಳಲ್ಲಿ ಕಾಣುವ ಕ್ರಮಸಂಖ್ಯೆ, ಸ್ಥಳನಾಮ, ಕಾಲ, ಅರಸನ ಹೆಸರು, ಕೊನೆಯ ಪದಸೂಚಿ ಇವೆಲ್ಲ ಆ ದಾರಿಯ ಕಲ್ಲುಗಳು. ಪದಸೂಚಿ ಗ್ರಂಥದ ಬಾಲವಲ್ಲ, ಅದು ಸಂಪಾದಕನ ವಿಮರ್ಶಾಪ್ರಜ್ಞೆ ಕೆಲಸಮಾಡಿದ ಕೊನೆಯ ನೆಲೆ.

ಇಂದು ಕನ್ನಡದ ಶಾಸನ, ವಚನ, ಕಾವ್ಯ, ನಿಘಂಟುಗಳು ಒಂದೊಂದಾಗಿ ಡೇಟಾಬೇಸಿಗೆ ಸೇರುತ್ತಿವೆ. ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯ ಒಂದು ಶೋಧಪೆಟ್ಟಿಗೆಯ ಹಿಂದೆ ನಿಲ್ಲಬಲ್ಲದು. ಇದು ದೊಡ್ಡ ಲಾಭವೆಂಬುದರಲ್ಲಿ ಸಂಶಯವಿಲ್ಲ. ಆದರೆ ಮುದ್ರಿತ ಗ್ರಂಥದ ಬಗ್ಗೆ ವಿಮರ್ಶಕರು ಕೇಳುತ್ತಿದ್ದ ಪ್ರಶ್ನೆಗಳನ್ನು ಈ ಜಾಲತಾಣಗಳ ಬಗ್ಗೆ ಕೇಳುವ ರೂಢಿ ಕನ್ನಡದಲ್ಲಿ ಇನ್ನೂ ಬೆಳೆದಿಲ್ಲ. ಯಾವ ಪಾಠವನ್ನು ಆರಿಸಲಾಗಿದೆ, ಯಾವ ಪ್ರತಿಯನ್ನು ಆಧರಿಸಲಾಗಿದೆ ಎಂಬುದನ್ನಾದರೂ ಕೆಲವರು ವಿಚಾರಿಸುತ್ತಾರೆ. ಆ ಪಠ್ಯಕ್ಕೆ ವಿಳಾಸವಿದೆಯೇ, ಹೊರಗಿನಿಂದ ಬರುವವನಿಗೆ ಅದು ಕಾಣುತ್ತದೆಯೇ ಎಂಬ ಪ್ರಶ್ನೆಯನ್ನು ಮಾತ್ರ ತಂತ್ರಜ್ಞರ ಕೆಲಸವೆಂದು ಬದಿಗಿಡಲಾಗುತ್ತದೆ. ಈ ಪ್ರಶ್ನೆ ಮೂಲತಃ ಗ್ರಂಥಸಂಪಾದನೆಯ ಪ್ರಶ್ನೆ ಎಂಬುದೂ, ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳಂಥ ಊರುಗಳಲ್ಲಿ ಅದು ಭಾಷೆಯ ಉಳಿವಿನ ಪ್ರಶ್ನೆಯೂ ಹೌದೆಂಬುದೂ ಈ ಲೇಖನದ ವಾದ.

2

ಮೊದಲು ಸಂಗತಿ ಏನೆಂದು ತಿಳಿಯಬೇಕು. ಜಾಲಪುಟಗಳಲ್ಲಿ ಎರಡು ಬಗೆ. ಒಂದು ಬಗೆಯದು ಬರೆದಿಟ್ಟ ಹಾಳೆಯಂತೆ ಸರ್ವರಿನಲ್ಲಿ ಸಿದ್ಧವಾಗಿ ಇರುತ್ತದೆ. ಕೇಳಿದವರಿಗೆಲ್ಲ ಅದೇ ಹಾಳೆ. ಇನ್ನೊಂದು ಬಗೆಯದು ಕೇಳುವ ತನಕ ಇರುವುದೇ ಇಲ್ಲ. ಓದುಗ ಒಂದು ಪದವನ್ನು ಕೊಟ್ಟಾಗ ಅಥವಾ ಒಂದು ಗುಂಡಿಯನ್ನು ಒತ್ತಿದಾಗ, ಸರ್ವರಿನಲ್ಲಿರುವ ಕ್ರಮವಿಧಿ ಡೇಟಾಬೇಸಿನಿಂದ ಸಾಲುಗಳನ್ನು ಎತ್ತಿ, ಒಂದು ಅಚ್ಚಿನಲ್ಲಿ ಕೂರಿಸಿ, ಆ ಕ್ಷಣಕ್ಕೆ ಪುಟವೊಂದನ್ನು ಕಟ್ಟಿಕೊಡುತ್ತದೆ. ಓದಿ ಮುಗಿದ ಮೇಲೆ ಆ ಪುಟ ಮತ್ತೆ ಇಲ್ಲ. ಸಾವಿರಾರು ವಚನಗಳಿರುವ ಯಾವ ತಾಣವೂ ಒಂದೊಂದಕ್ಕೂ ಒಂದು ಹಾಳೆಯನ್ನು ಕೈಯಾರೆ ಬರೆದಿಡಲಾರದು. ಆದ್ದರಿಂದ ಈ ಎರಡನೆಯ ಬಗೆಯೇ ಸಹಜವಾದ ಆಯ್ಕೆ.

ಶೋಧಯಂತ್ರವಾದರೋ ಹುಟ್ಟಿದ್ದು ಮೊದಲ ಬಗೆಯ ಪುಟಗಳಿಗಾಗಿ. ಅದರ ಕ್ರಾಲರ್ ಒಂದು ಪುಟದಲ್ಲಿರುವ ಕೊಂಡಿಯನ್ನು ಹಿಡಿದು ಮತ್ತೊಂದಕ್ಕೆ ಹೋಗುತ್ತದೆ, ಅಲ್ಲಿಂದ ಮುಂದಿನದಕ್ಕೆ. ಕೊಂಡಿಯಿಲ್ಲದ ಕಡೆ ಅದರ ಪಯಣ ನಿಲ್ಲುತ್ತದೆ. ಅದು ಸಾಮಾನ್ಯವಾಗಿ ಪೆಟ್ಟಿಗೆಯಲ್ಲಿ ಪದ ತುಂಬಿ ಪ್ರಶ್ನೆ ಕೇಳುವುದಿಲ್ಲ. 2008ರಲ್ಲಿ ಗೂಗಲ್ ಕೆಲವು ತಾಣಗಳ ಶೋಧಪೆಟ್ಟಿಗೆಗಳಲ್ಲಿ ತಾನೇ ಪದಗಳನ್ನು ತುಂಬಿ ನೋಡುವ ಪ್ರಯೋಗವನ್ನು ಪ್ರಕಟಿಸಿತ್ತು; ಆದರೆ ಯಂತ್ರದ ಊಹೆಯನ್ನು ನಂಬಿ ಸಾಹಿತ್ಯಕೋಶವನ್ನು ಕಟ್ಟಲಾಗದು. ಹೀಗೆ ಪ್ರಶ್ನೆಯ ಹಿಂದೆ ಅಡಗಿ ಕ್ರಾಲರಿಗೆ ಸಿಗದೆ ಉಳಿಯುವ ಭಾಗವನ್ನು ಮೈಕೆಲ್ ಬರ್ಗ್‌ಮನ್ 2001ರಲ್ಲಿ ‘ಡೀಪ್ ವೆಬ್’ ಎಂದು ಕರೆದ. ಆಳದ ಜಾಲ ಎಂಬ ಈ ಹೆಸರಿನಲ್ಲಿ ಗಾಂಭೀರ್ಯವಿದೆ. ಕನ್ನಡದ ಮಟ್ಟಿಗೆ ಅದು ಬಾವಿಗೆ ಬಿದ್ದ ಕೊಡದ ಸ್ಥಿತಿ: ನೀರಿದೆ, ಕೊಡವೂ ಇದೆ, ಹಗ್ಗವಿಲ್ಲ.

ಮುಚ್ಚಿದ ಕಪಾಟಿನ ವಾಚನಾಲಯದೊಡನೆ ಇದನ್ನು ಹೋಲಿಸಬಹುದು. ಕೊಲ್ಹಾಪುರದ ಕರವೀರ ನಗರ ವಾಚನ ಮಂದಿರ 1850ರಷ್ಟು ಹಳೆಯದು. ಇಚಲಕರಂಜಿಗೂ ಆಪ್ಟೆ ವಾಚನ ಮಂದಿರದ ಪರಂಪರೆಯಿದೆ. ಈ ಸೀಮೆಯ ಓದುವ ರೂಢಿಯನ್ನು ಬೆಳೆಸಿದ್ದು ಇಂಥ ಸಾರ್ವಜನಿಕ ವಾಚನಾಲಯಗಳು. ಯಾವುದೇ ವಾಚನಾಲಯದಲ್ಲಿ ಓದುಗ ಚೀಟಿ ಬರೆದುಕೊಟ್ಟೇ ಪುಸ್ತಕ ಪಡೆಯಬೇಕೆಂಬ ನಿಯಮವಿದ್ದರೂ, ಮೇಜಿನ ಮೇಲೆ ಒಂದು ಸೂಚಿಪುಸ್ತಕವಿರುತ್ತದೆ. ಸೂಚಿಯೇ ಇಲ್ಲದೆ ಚೀಟಿಯನ್ನಷ್ಟೇ ಕೇಳುವ ವಾಚನಾಲಯವನ್ನು ಯಾರೂ ಸಾರ್ವಜನಿಕವೆನ್ನಲಾರರು. ಶೋಧಪೆಟ್ಟಿಗೆಯೊಂದನ್ನು ಬಿಟ್ಟು ಬೇರೆ ದಾರಿಯಿಲ್ಲದ ಜಾಲತಾಣ ಅಂಥದು. ಪಂಡಿತನಿಗೆ ಅದು ತೆರೆದಿದೆ. ಏನನ್ನು ಕೇಳಬೇಕೆಂದು ಇನ್ನೂ ತಿಳಿಯದವನಿಗೆ ಮುಚ್ಚಿದೆ.

3

ಇಲ್ಲಿ ಗಡಿಭಾಗದ ಓದುಗನ ಸ್ಥಿತಿ ಬೇರೆಯಾಗುತ್ತದೆ. ಧಾರವಾಡದ ಅಥವಾ ಮೈಸೂರಿನ ಕನ್ನಡ ವಿದ್ಯಾರ್ಥಿಗೆ ಅಧ್ಯಾಪಕರು ತಾಣದ ಹೆಸರನ್ನು ಹೇಳುತ್ತಾರೆ. ವಿಭಾಗದ ಗ್ರಂಥಾಲಯದಲ್ಲಿ ಸಂಪುಟಗಳಿರುತ್ತವೆ. ಜಾಲತಾಣ ಅವನಿಗೆ ಮೂರನೆಯ ದಾರಿ. ಹಿರಣ್ಯಕೇಶಿಯ ದಡದ ಗಡಹಿಂಗ್ಲಜದಲ್ಲಿ, ಪಂಚಗಂಗೆಯ ಬದಿಯಲ್ಲಿ ಮಗ್ಗಗಳ ಸದ್ದಿನೊಡನೆ ಬೆಳೆದ ಇಚಲಕರಂಜಿಯಲ್ಲಿ, ಮನೆಯೊಳಗೆ ಕನ್ನಡವನ್ನಾಡಿ ಶಾಲೆಯಲ್ಲಿ ಮರಾಠಿಯನ್ನು ಕಲಿತ ಓದುಗನಿಗೆ ಆ ಮೊದಲ ಎರಡು ದಾರಿಗಳೂ ಕಿರಿದು. ಅಜ್ಜಿಯ ಬಾಯಲ್ಲಿ ಕೇಳಿದ ವಚನದ ಒಂದು ತುಣುಕು, ಊರ ಗುಡಿಯ ಕಲ್ಲಿನ ಮೇಲೆ ಕಂಡ ಅಕ್ಷರ, ಮದುವೆಯ ಮನೆಯ ಹಾಡಿನ ಒಂದು ಸೊಲ್ಲು, ಇಷ್ಟು ಮಾತ್ರ ಅವನ ಬಂಡವಾಳ. ತಾಣದ ಹೆಸರು ಅವನಿಗೆ ಗೊತ್ತಿಲ್ಲ. ಗೊತ್ತಿರುವ ಬಾಗಿಲು ಒಂದೇ, ಕೈಯಲ್ಲಿರುವ ಫೋನಿನ ಶೋಧಯಂತ್ರ. ಅಲ್ಲಿ ಆ ತುಣುಕನ್ನು ಹಾಕಿದಾಗ ಪಠ್ಯ ಸಿಕ್ಕರೆ ಕನ್ನಡ ಅವನ ಪಾಲಿಗೆ ಬರವಣಿಗೆಯುಳ್ಳ ಭಾಷೆ. ಸಿಗದಿದ್ದರೆ ಅದು ಅಡುಗೆಮನೆಯ ಮಾತು ಮಾತ್ರ.

ಶೋಧಯಂತ್ರಗಳು ಉತ್ತರ ಕೊಡುವಾಗ ಕೇಳುವವನ ಸ್ಥಳವನ್ನೂ ಅವನ ಸಾಧನದ ಭಾಷೆಯನ್ನೂ ಗಣಿಸುತ್ತವೆ. ಮಹಾರಾಷ್ಟ್ರದಲ್ಲಿದ್ದುಕೊಂಡು ರೋಮನ್ ಅಕ್ಷರಗಳಲ್ಲಿ ಬಸವಣ್ಣನ ಹೆಸರನ್ನು ಹಾಕಿದವನ ಮುಂದೆ ಮರಾಠಿ, ಹಿಂದಿ, ಇಂಗ್ಲಿಷ್ ಪುಟಗಳು ಸಾಲುಗಟ್ಟುವುದು ಸಹಜ. ಅದರಲ್ಲಿ ಯಾರ ಪಿತೂರಿಯೂ ಇಲ್ಲ. ಆ ಭಾಷೆಗಳಲ್ಲಿ ಕಾಣುವಂಥ ಪುಟಗಳಿವೆ, ಅಷ್ಟೆ. ಮಹಾಜನ ಆಯೋಗ 1967ರಲ್ಲಿ ಕೊಟ್ಟ ವರದಿಯ ಬಗ್ಗೆ, 2004ರಿಂದ ಸುಪ್ರೀಂ ಕೋರ್ಟಿನ ಮುಂದಿರುವ ದಾವೆಯ ಬಗ್ಗೆ ಎರಡೂ ರಾಜ್ಯಗಳಲ್ಲಿ ಬಹಳ ಮಾತಾಗಿದೆ. ಗೆರೆ ಎಲ್ಲಿ ಹಾಯಬೇಕೆಂಬ ಆ ವಾದದ ನಡುವೆ, ಗೆರೆಯ ಆಚೆ ಇರುವ ಕನ್ನಡಿಗನಿಗೆ ಕನ್ನಡದ ಒಂದು ಪುಟ ತಾನಾಗಿ ಎದುರಾಗುವಂತೆ ಮಾಡುವ ಸಣ್ಣ ಕೆಲಸ ಹಿಂದೆ ಬಿದ್ದಿದೆ. ಇದಕ್ಕೆ ನ್ಯಾಯಾಲಯದ ತೀರ್ಪು ಬೇಕಿಲ್ಲ.

4

ಪಠ್ಯ ಕಾಣಬೇಕಾದರೆ ಮೊದಲು ಅದಕ್ಕೊಂದು ಸ್ಥಿರವಾದ ವಿಳಾಸ ಬೇಕು. ಈ ಮಾತು ಜಾಲಕ್ಕಿಂತ ಬಹಳ ಹಳೆಯದು. ಋಗ್ವೇದಕ್ಕೆ ಮಂಡಲ, ಸೂಕ್ತ, ಋಕ್ಕುಗಳ ಲೆಕ್ಕವಿದೆ; ಚಂಪೂಕಾವ್ಯಕ್ಕೆ ಆಶ್ವಾಸ ಮತ್ತು ಪದ್ಯಸಂಖ್ಯೆಯಿದೆ. ಆರಿ ಎಸ್ಟಿಯೆನ್ ಎಂಬ ಮುದ್ರಕ 1578ರಲ್ಲಿ ಅಚ್ಚುಮಾಡಿದ ಪ್ಲೇಟೋವಿನ ಪುಟಸಂಖ್ಯೆಗಳನ್ನು ಇಂದಿಗೂ ಎಲ್ಲ ಭಾಷೆಗಳ ವಿದ್ವಾಂಸರು ಉಲ್ಲೇಖಕ್ಕೆ ಬಳಸುತ್ತಾರೆ. ಆ ಪುಸ್ತಕವನ್ನು ಕಣ್ಣಿಂದ ಕಂಡವರು ಕೆಲವೇ ಜನ. ಅದರ ವಿಳಾಸಪದ್ಧತಿ ಮಾತ್ರ ನಾಲ್ಕು ಶತಮಾನಗಳನ್ನು ದಾಟಿ ಬಂದಿದೆ.

ವಚನದ ಕಷ್ಟ ಇಲ್ಲಿಯೇ. ಅದಕ್ಕೆ ಶೀರ್ಷಿಕೆಯಿಲ್ಲ, ಆಶ್ವಾಸವಿಲ್ಲ, ಒಂದು ಸಂಪಾದನೆಯ ಕ್ರಮಸಂಖ್ಯೆ ಇನ್ನೊಂದರಲ್ಲಿ ನಿಲ್ಲುವುದಿಲ್ಲ. ಹೀಗಾಗಿ ಮುದ್ರಿತ ಸಂಪುಟಗಳ ಸಂಪಾದಕರು ಮೊದಲ ಸಾಲಿನ ಅಕಾರಾದಿಯನ್ನು ಕೊನೆಯಲ್ಲಿ ಕೊಟ್ಟರು. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಬಂದ ಸಮಗ್ರ ವಚನ ಸಂಪುಟಗಳು ಕನ್ನಡಕ್ಕೆ ಒಂದು ಸಾಮಾನ್ಯ ಲೆಕ್ಕವನ್ನು ಕೊಟ್ಟವು: ಸಂಪುಟ, ವಚನಕಾರ, ವಚನಸಂಖ್ಯೆ. ಡೇಟಾಬೇಸ್ ಕಟ್ಟುವವರು ಈ ಲೆಕ್ಕವನ್ನು ಉಳಿಸಿಕೊಂಡರೆ ಅರ್ಧ ಕೆಲಸ ಆದಂತೆ. ಓ.ಎಲ್. ನಾಗಭೂಷಣ ಸ್ವಾಮಿಯವರ ಮಾರ್ಗದರ್ಶನದಲ್ಲಿ ಸಂಚಯ ತಂಡ ಕಟ್ಟಿದ ‘ವಚನ ಸಂಚಯ’ದ ಹಿರಿಮೆಯಿರುವುದು ವಚನ, ವಚನಕಾರ ಮತ್ತು ಪದ ಈ ಮೂರನ್ನೂ ಓದುಗ ಹಾಯ್ದು ಹೋಗಬಲ್ಲ ನೆಲೆಗಳಾಗಿ ಕಂಡದ್ದರಲ್ಲಿ. ಒಂದು ಪದ ಯಾವ ಯಾವ ವಚನದಲ್ಲಿ ಬಂದಿದೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದೆಂದರೆ ಒಂದು ಪದಸೂಚಿಯೇ ಜೀವ ತಳೆದಂತೆ.

ಇದಕ್ಕೆ ವಿರುದ್ಧವಾದ ಪದ್ಧತಿಯೂ ಬಹಳ ಕಡೆ ಇದೆ. ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಹತ್ತಾರು ಸಂಕೇತಗಳನ್ನು ಪೋಣಿಸಿದ ಉದ್ದದ ಯುಆರ್‌ಎಲ್, ಅದರ ಬಾಲಕ್ಕೆ ಆ ಭೇಟಿಗೆ ಮಾತ್ರ ಸಲ್ಲುವ ಗುರುತುಸಂಖ್ಯೆ. ಈ ಹೊತ್ತು ಅದನ್ನು ಪ್ರಬಂಧದ ಅಡಿಟಿಪ್ಪಣಿಯಲ್ಲಿ ಬರೆದರೆ ನಾಳೆ ಅದು ಖಾಲಿ ಪುಟ. ಕ್ರಾಲರಿಗೂ ಅದೇ ಪಾಡು: ಭೇಟಿ ಕೊಟ್ಟಾಗಲೆಲ್ಲ ಹೊಸ ಗುರುತುಸಂಖ್ಯೆ ಹುಟ್ಟುವುದರಿಂದ ಒಂದೇ ವಚನ ಅದರ ಕಣ್ಣಿಗೆ ನೂರಾಗಿ ಕಾಣುತ್ತದೆ, ಕೊನೆಗೆ ಅದು ಬೇಸತ್ತು ಬಿಡುತ್ತದೆ. ಓದುಗನಿಗೆ ಕೇಡಾದದ್ದು ಯಂತ್ರಕ್ಕೂ ಕೇಡು. ಶೋಧಯಂತ್ರಕ್ಕೆ ಅನುಕೂಲ ಮಾಡುವುದೆಂದರೆ ಬಹುಮಟ್ಟಿಗೆ ಉಲ್ಲೇಖಯೋಗ್ಯತೆಯನ್ನು ಕಾಯುವುದು ಎಂಬುದಕ್ಕೆ ಇದು ಸಾಕ್ಷಿ.

ವಿಕಿಸೋರ್ಸ್ ಮತ್ತು 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇದಕ್ಕೆ ಉತ್ತಮ ಪಾಠ. ಅವುಗಳ ಹಿಂದಿರುವ ಮೀಡಿಯಾವಿಕಿ ಕೂಡ ಡೇಟಾಬೇಸಿನಿಂದಲೇ ಪುಟ ಕಟ್ಟುತ್ತದೆ. ಆದರೆ ಪ್ರತಿ ಪುಟಕ್ಕೂ ಅದರ ತಲೆಬರಹವೇ ವಿಳಾಸ. ಒಳಗಿನ ಉದ್ದದ ಸಂಕೇತವನ್ನು ಸರ್ವರ್ ತಾನೇ ನುಂಗಿಕೊಂಡು ಹೊರಗೆ ಸರಳವಾದ ಹೆಸರನ್ನು ತೋರಿಸುತ್ತದೆ. ಪುಟ ಆ ಕ್ಷಣಕ್ಕೆ ಹುಟ್ಟಿದ್ದರೂ ಹೊರಗಿನವರಿಗೆ ಅದು ಸದಾ ಅಲ್ಲಿಯೇ ಇದ್ದಂತೆ. ಇಷ್ಟು ಮಾಡಿದರೆ ಸಾಕು. ಕ್ರಿಯಾಶೀಲ ಪುಟ ಕ್ರಾಲರಿಗೆ ಸ್ಥಿರ ಪುಟದಂತೆಯೇ ಕಾಣುತ್ತದೆ.

ಕನ್ನಡದಲ್ಲಿ ವಿಳಾಸ ಬರೆಯುವಾಗ ಮಾತ್ರ ಒಂದು ತೊಡಕಿದೆ. ‘ಗಡಹಿಂಗ್ಲಜ’ ಎಂಬುದು ಕಣ್ಣಿಗೆ ಐದು ಅಕ್ಷರ. ಯುನಿಕೋಡಿನಲ್ಲಿ ಅದು ಒಂಬತ್ತು ಸಂಕೇತ, ಜಾಲದ ರೂಢಿಯ ಯುಟಿಎಫ್–8ರಲ್ಲಿ 27 ಬೈಟ್. ವಿಳಾಸದೊಳಗೆ ಪ್ರತಿ ಬೈಟೂ ಶೇಕಡಾ ಚಿಹ್ನೆಯೊಡನೆ ಮೂರು ಅಕ್ಷರವಾಗುವುದರಿಂದ, ಆ ಒಂದು ಊರಿನ ಹೆಸರನ್ನು ನಕಲು ಮಾಡಿ ಪತ್ರದಲ್ಲಿ ಅಂಟಿಸಿದರೆ 81 ಅಕ್ಷರಗಳ ಒಗಟಾಗುತ್ತದೆ. ಹಾಗೆಂದು ಎಲ್ಲವನ್ನೂ ರೋಮನ್ ಲಿಪಿಗೆ ಇಳಿಸಿದರೆ ಮತ್ತೊಂದು ಗೋಜಲು, ಏಕೆಂದರೆ ಲಿಪ್ಯಂತರಕ್ಕೆ ಒಮ್ಮತವಿಲ್ಲ. ಕುಂದಣಗಾರರ ಹೆಸರೇ ಇಂಗ್ಲಿಷ್ ಬರವಣಿಗೆಯಲ್ಲಿ ಒಂದಕ್ಕಿಂತ ಹೆಚ್ಚು ರೂಪಗಳಲ್ಲಿ ಸಿಗುತ್ತದೆ. ಮಧ್ಯಮ ಮಾರ್ಗವೊಂದಿದೆ: ವಿಳಾಸದಲ್ಲಿ ಎಂದೂ ಬದಲಾಗದ ಚಿಕ್ಕ ಸಂಖ್ಯೆ; ಪುಟದ ಶೀರ್ಷಿಕೆ, ತಲೆಬರಹ, ಸಾರಾಂಶಗಳಲ್ಲಿ ಪೂರ್ಣ ಕನ್ನಡ. ಶೋಧಯಂತ್ರ ತೂಕ ಕೊಡುವುದು ಮುಖ್ಯವಾಗಿ ಎರಡನೆಯದಕ್ಕೆ. ಎಷ್ಟೋ ತಾಣಗಳಲ್ಲಿ ಎಲ್ಲ ವಚನಗಳ ಪುಟಕ್ಕೂ ತಾಣದ ಹೆಸರೊಂದೇ ಶೀರ್ಷಿಕೆಯಾಗಿರುತ್ತದೆ. ಸಾವಿರ ಪುಸ್ತಕಗಳಿಗೆ ಒಂದೇ ರಕ್ಷಾಕವಚ ಹಾಕಿದಂತೆ ಇದು.

5

ಕಳೆದ ಹದಿನೈದು ವರ್ಷಗಳಲ್ಲಿ ಇನ್ನೊಂದು ಪದರ ಸೇರಿಕೊಂಡಿದೆ. ಅನೇಕ ಹೊಸ ತಾಣಗಳು ಬ್ರೌಸರಿಗೆ ಖಾಲಿ ಚೌಕಟ್ಟನ್ನು ಮಾತ್ರ ಕಳಿಸುತ್ತವೆ. ಪಠ್ಯವನ್ನು ಆಮೇಲೆ ಜಾವಾಸ್ಕ್ರಿಪ್ಟ್ ತಂದು ತುಂಬುತ್ತದೆ. ಕ್ರಾಲರಿಗೆ ಮೊದಲು ಕಾಣುವುದು ಆ ಚೌಕಟ್ಟು. ಇದನ್ನು ಸರಿಪಡಿಸಲು ಗೂಗಲ್ 2009ರಲ್ಲಿ ಒಂದು ವಿಶೇಷ ಏರ್ಪಾಡನ್ನು ಸೂಚಿಸಿ, 2015ರಲ್ಲಿ ಅದನ್ನು ಕೈಬಿಟ್ಟಿತು. 2019ರಿಂದ ಅದರ ಕ್ರಾಲರ್ ಹೊಸ ಆವೃತ್ತಿಯ ಕ್ರೋಮಿಯಮ್ ಬಳಸಿ ಇಂಥ ಪುಟಗಳನ್ನು ತಾನೇ ತೆರೆದು ನೋಡುತ್ತಿದೆ. ಇದರಿಂದ ಸಮಸ್ಯೆ ಮುಗಿಯಿತೆಂದು ಕೆಲವರು ಹೇಳುತ್ತಾರೆ. ಮುಗಿದಿಲ್ಲ. ಆ ತೆರೆದು ನೋಡುವ ಕೆಲಸ ತಡವಾಗಿ ನಡೆಯಬಹುದು, ನಡುವೆ ದೋಷ ಬಂದರೆ ನಡೆಯದೆಯೂ ಹೋಗಬಹುದು. ಎಲ್ಲ ಶೋಧಯಂತ್ರಗಳಿಗೂ ಆ ಸಾಮರ್ಥ್ಯ ಒಂದೇ ಮಟ್ಟದಲ್ಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಹಳೆಯ ಫೋನು ಮತ್ತು ಮಂದವಾದ ಸಂಪರ್ಕವಿರುವ ಓದುಗನೂ ಅದೇ ಖಾಲಿ ಚೌಕಟ್ಟಿನ ಮುಂದೆ ಕಾಯುತ್ತಾನೆ. ನಾಲ್ಕು ಸಾಲಿನ ವಚನಕ್ಕೆ ಇಷ್ಟು ಆಡಂಬರ ಬೇಕಿಲ್ಲ. ಸರ್ವರಿನಲ್ಲಿಯೇ ಪುಟವನ್ನು ಪೂರ್ತಿ ಕಟ್ಟಿ ಕಳಿಸಬೇಕು. ಅಲಂಕಾರ, ಶೋಧ, ಹೋಲಿಕೆಗಳು ಆಮೇಲೆ ಬರಲಿ. ಇದರ ಪರೀಕ್ಷೆ ಸುಲಭ: ಪುಟದ ಮೂಲಸಂಕೇತವನ್ನು ತೆರೆದು ನೋಡಿದಾಗ ವಚನದ ಪಠ್ಯ ಅಲ್ಲಿರಬೇಕು. ಇಲ್ಲದಿದ್ದರೆ ಆ ವಚನ ಪ್ರಕಟವಾಗಿಲ್ಲ ಎಂದೇ ತಿಳಿಯಬೇಕು.

ಕೊಂಡಿಗಳ ಮಾತೂ ಹೀಗೆಯೇ. ಸಂಪುಟದ ಪುಟದಿಂದ ವಚನಕಾರನಿಗೆ, ಅಲ್ಲಿಂದ ಪ್ರತಿ ವಚನಕ್ಕೆ, ವಚನದಿಂದ ಹಿಂದುಮುಂದಿನ ವಚನಗಳಿಗೆ ಸಾಮಾನ್ಯ ಕೊಂಡಿಗಳಿದ್ದರೆ ಕ್ರಾಲರಿಗೂ ಕುತೂಹಲದ ಓದುಗನಿಗೂ ಒಂದೇ ದಾರಿ. ಅದರ ಮೇಲೆ ‘ಸೈಟ್‌ಮ್ಯಾಪ್’ ಎಂಬ ವಿಳಾಸಪಟ್ಟಿಯನ್ನೂ ಕೊಡಬಹುದು. 2005ರಲ್ಲಿ ಗೂಗಲ್ ಆರಂಭಿಸಿದ ಈ ಪದ್ಧತಿಯನ್ನು 2006ರಲ್ಲಿ ಯಾಹೂ ಮತ್ತು ಮೈಕ್ರೋಸಾಫ್ಟ್ ಒಪ್ಪಿಕೊಂಡವು. ಇಂಥ ಒಂದು ಕಡತದಲ್ಲಿ 50,000 ವಿಳಾಸಗಳ ತನಕ ಹಾಕಬಹುದು. ಸಮಗ್ರ ವಚನ ಸಾಹಿತ್ಯದ ಎಲ್ಲ ವಚನಗಳ ವಿಳಾಸಗಳೂ ಆ ಒಂದೇ ಕಡತದೊಳಗೆ ನಿಲ್ಲುತ್ತವೆ. ಶರಣರ ಮಾತೆಲ್ಲವನ್ನೂ ಲೋಕಕ್ಕೆ ಕಾಣಿಸಲು ಬೇಕಾದದ್ದು ಒಂದು ಕಡತ ಎಂಬಾಗ, ಆಗದಿರುವುದಕ್ಕೆ ಹಣದ ಅಭಾವವನ್ನು ಮುಂದೊಡ್ಡುವುದು ಕಷ್ಟ.

6

ತಾಂತ್ರಿಕವೆಂದು ತೋರುವ ನಿರ್ಣಯದೊಳಗೆ ವಿಮರ್ಶೆಯ ನಿರ್ಣಯ ಹೇಗೆ ಅಡಗಿರುತ್ತದೆ ಎಂಬುದಕ್ಕೆ ‘ಕ್ಯಾನನಿಕಲ್’ ಎಂಬ ಗುರುತು ಒಳ್ಳೆಯ ನಿದರ್ಶನ. ಒಂದೇ ಪಠ್ಯ ಹಲವು ವಿಳಾಸಗಳಲ್ಲಿ ಸಿಕ್ಕಾಗ ಯಾವುದು ಪ್ರಧಾನವೆಂದು ಹೇಳುವ ಈ ಗುರುತನ್ನು 2009ರಲ್ಲಿ ದೊಡ್ಡ ಶೋಧಯಂತ್ರಗಳು ಒಟ್ಟಾಗಿ ಜಾರಿಗೆ ತಂದವು. ವಚನಕಾರನ ಮೂಲಕ ಬಂದರೂ, ಪದದ ಮೂಲಕ ಬಂದರೂ, ವಿಷಯದ ಮೂಲಕ ಬಂದರೂ ವಚನ ಒಂದೇ ಆದ್ದರಿಂದ ಒಂದು ಪುಟವನ್ನು ಪ್ರಧಾನವೆಂದು ಸಾರುವುದು ನ್ಯಾಯವೇ. ಆದರೆ ಪಾಠಾಂತರ? ಎರಡು ಹಸ್ತಪ್ರತಿಗಳಲ್ಲಿ ಒಂದು ಪದ ಮಾತ್ರ ಬೇರೆಯಾಗಿರುವ ವಚನವನ್ನು ಯಂತ್ರ ನಕಲೆಂದು ಎಣಿಸುತ್ತದೆ. ತಂತ್ರಜ್ಞ ಅಚ್ಚುಕಟ್ಟಿಗಾಗಿ ಒಂದನ್ನು ಪ್ರಧಾನವೆಂದು ಗುರುತಿಸಿದ ಕ್ಷಣ, ಇನ್ನೊಂದು ಶೋಧದ ಲೋಕದಿಂದ ಮರೆಯಾಗುತ್ತದೆ. ಮುದ್ರಿತ ಗ್ರಂಥದಲ್ಲಿ ಪಾಠಾಂತರ ಅಡಿಟಿಪ್ಪಣಿಯಲ್ಲಾದರೂ ಉಸಿರಾಡುತ್ತಿತ್ತು. ಇಲ್ಲಿ ಅದು ಹೆಸರಿಲ್ಲದೆ ಹೋಗುತ್ತದೆ. ಆದ್ದರಿಂದ ಯಾವುದು ನಕಲು, ಯಾವುದು ಪಾಠಾಂತರ ಎಂಬ ತೀರ್ಮಾನ ಸಂಪಾದಕನದಾಗಿರಬೇಕು. ಪಾಠಾಂತರವನ್ನು ಪ್ರಧಾನ ಪುಟದೊಳಗೇ ಓದಲು ಬರುವ ಪಠ್ಯವಾಗಿ ಇಡುವುದು ಒಂದು ಪರಿಹಾರ. ಆಗ ಯಾವ ರೂಪವನ್ನು ನೆನಪಿಟ್ಟವನೂ ಅದೇ ಪುಟಕ್ಕೆ ಬರುತ್ತಾನೆ.

ಸ್ಥಳನಾಮಗಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಶಿರೋಳ ತಾಲೂಕಿನ ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿ ಕನ್ನಡ ಶಾಸನಗಳೂ ಇವೆ, ಯಾದವ ಸಿಂಘಣನ ಸಂಸ್ಕೃತ ಶಾಸನವೂ ಇದೆ. 11ನೆಯ ಶತಮಾನದಲ್ಲಿ ಚೋಳ ರಾಜಾಧಿರಾಜ ಮಡಿದ ಕೊಪ್ಪಂ ಕಾಳಗದ ನೆಲೆ ಈ ಖಿದ್ರಾಪುರವೆಂದು ಕೆಲವು ವಿದ್ವಾಂಸರ ಮತ. ಕೊಪ್ಪಳವೆಂದು ಇನ್ನು ಕೆಲವರ ಮತ. ಡೇಟಾಬೇಸಿನ ‘ಸ್ಥಳ’ ಎಂಬ ಕಂಬದಲ್ಲಿ ಒಂದೇ ಹೆಸರಿಗೆ ಜಾಗ. ಅಲ್ಲಿ ಯಾವುದನ್ನು ತುಂಬಿದರೂ ಒಂದು ವಾದ ಗೆದ್ದಂತೆ ತೋರುತ್ತದೆ. ಎರಡೂ ಹೆಸರುಗಳನ್ನು ವಾದದ ವಿವರಣೆಯೊಡನೆ ಪುಟದಲ್ಲಿ ಬರೆದರೆ ವಿದ್ವತ್ತಿಗೂ ನ್ಯಾಯ, ಹುಡುಕುವವನಿಗೂ ದಾರಿ.

ಭಾಷೆ ಮತ್ತು ಲಿಪಿಗಳ ಗುರುತೂ ಅಷ್ಟೇ ಎಚ್ಚರವನ್ನು ಕೇಳುತ್ತದೆ. ಕೊಲ್ಹಾಪುರದ ಶಿಲಾಹಾರರ ಶಾಸನಗಳಲ್ಲಿ ಕನ್ನಡವೂ ಇದೆ, ಸಂಸ್ಕೃತವೂ ಇದೆ. ಸಂಸ್ಕೃತವನ್ನು ಕನ್ನಡ ಲಿಪಿಯಲ್ಲಿ ಬರೆದದ್ದೂ ಇದೆ. ಜಾಲಪುಟದಲ್ಲಿ ಭಾಷೆಯನ್ನು ಸೂಚಿಸುವ ಗುರುತಿನಲ್ಲಿ ಲಿಪಿಯನ್ನು ಬೇರೆಯಾಗಿ ಹೇಳಲು ಅವಕಾಶವಿದೆ. ಅದನ್ನು ಬಳಸದೆ ಎಲ್ಲವನ್ನೂ ‘ಕನ್ನಡ’ ಎಂದರೆ ಅತಿವ್ಯಾಪ್ತಿ, ‘ಸಂಸ್ಕೃತ’ ಎಂದರೆ ಕನ್ನಡ ಲಿಪಿಯ ಚರಿತ್ರೆಗೆ ನಷ್ಟ. ಗಡಿಯ ಎರಡೂ ಬದಿಯಲ್ಲಿ ಶಾಸನಗಳನ್ನು ಸಾಕ್ಷಿಯಾಗಿ ಎಳೆದಾಡುವ ಕಾಲದಲ್ಲಿ ಈ ನಿಖರತೆ ಬರಿಯ ಶಿಸ್ತಲ್ಲ, ಪ್ರಾಮಾಣಿಕತೆ.

7

ಇಷ್ಟಾದ ಮೇಲೂ ಅಕ್ಷರದ ಮಟ್ಟದಲ್ಲಿ ಪಠ್ಯ ಕಳೆದುಹೋಗಬಹುದು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್ ಸಂಕೇತದಲ್ಲಿ ಬೆರಳಚ್ಚಾದ ಕನ್ನಡ ಪುಟ ತೆರೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ಲ್ಯಾಟಿನ್ ಅಕ್ಷರಗಳ ರಾಶಿ. ಅದನ್ನು ಯುನಿಕೋಡಿಗೆ ಪರಿವರ್ತಿಸದೆ ಜಾಲಕ್ಕೆ ಏರಿಸುವುದು ಗುಪ್ತಲಿಪಿಯಲ್ಲಿ ಪ್ರಕಟಿಸಿದಂತೆ. ಪುಟಗಳ ಚಿತ್ರವನ್ನಷ್ಟೇ ಏರಿಸುವುದೂ ಇದಕ್ಕಿಂತ ಬೇರೆಯಲ್ಲ. ಯುನಿಕೋಡಿನಲ್ಲೂ ತೊಡಕುಗಳಿವೆ. ‘ಕೊ’ ಎಂಬಲ್ಲಿಯ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಭೇದವಿಲ್ಲ, ಎಚ್ಚರವಿಲ್ಲದೆ ಕಟ್ಟಿದ ಡೇಟಾಬೇಸಿಗೆ ಅವು ಎರಡು ಬೇರೆ ಪದಗಳು. ಅರ್ಕಾವತ್ತು, ರೇಫಗಳ ನಡುವೆ ಕಾಣದ ಕೂಡಕ್ಷರ ನುಸುಳಿದಾಗಲೂ ಹೀಗೆಯೇ. ಹಳಗನ್ನಡದ ‘ೞ’ಕಾರಕ್ಕೆ ಯುನಿಕೋಡ್ ಪಟ್ಟಿಯಲ್ಲಿ ಕೊಟ್ಟ ಅಧಿಕೃತ ಹೆಸರೇ ತಪ್ಪಾಗಿ ‘ಕನ್ನಡ ಲೆಟರ್ ಫಾ’ ಎಂದಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬ ನಿಯಮದಿಂದ ಆ ತಪ್ಪು ಉಳಿದು, ಸರಿಯಾದದ್ದನ್ನು ಉಪನಾಮವಾಗಿ ಸೇರಿಸಲಾಗಿದೆ. ಹಳಗನ್ನಡ ಬಲ್ಲವರು ಇಂಥ ಪಟ್ಟಿಗಳ ಕಡೆ ತಡವಾಗಿ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಈ ಒಂದು ಅಕ್ಷರ ಸಾಕು.

ಊರಿನ ಹೆಸರುಗಳೂ ಒಂದೇ ರೂಪದಲ್ಲಿ ನಿಲ್ಲುವುದಿಲ್ಲ. ಕೊಲ್ಹಾಪುರ, ಕೋಲ್ಹಾಪುರ, ಕೊಲ್ಲಾಪುರ ಮೂರೂ ಕನ್ನಡ ಬರವಣಿಗೆಯಲ್ಲಿವೆ. ಗಡಹಿಂಗ್ಲಜ ಜನರ ಬಾಯಲ್ಲಿ ಗಡಿಂಗ್ಲಜವಾಗುತ್ತದೆ. ಅದರ ಮೇಲೆ ವಿಭಕ್ತಿ ಪ್ರತ್ಯಯಗಳು: ಕೊಲ್ಹಾಪುರದ, ಕೊಲ್ಹಾಪುರಕ್ಕೆ, ಕೊಲ್ಹಾಪುರದೊಳಗೆ. ಇಂಗ್ಲಿಷಿಗಾಗಿ ಹದಗೊಂಡ ಶೋಧವಿಧಾನ ಕನ್ನಡದ ಸಂಧಿಯನ್ನೂ ಪ್ರತ್ಯಯವನ್ನೂ ಬಿಡಿಸುವಲ್ಲಿ ಎಡವುತ್ತದೆ. ಕನ್ನಡ ವ್ಯಾಕರಣ ಬಲ್ಲವರು ಪದಕ್ಕೆ ಮೂಲರೂಪವನ್ನು ಜೋಡಿಸಿಕೊಟ್ಟರೆ ಮಾತ್ರ ಈ ಕೊರತೆ ತುಂಬೀತು. ಪುಟದಲ್ಲಿ ಊರಿನ ಹೆಸರಿನ ಎಲ್ಲ ರೂಪಗಳನ್ನೂ, ಮರಾಠಿಯ ರೂಪವನ್ನೂ ಸೇರಿಸಿ, ಸಹಜವಾದ ಒಂದು ವಾಕ್ಯದಲ್ಲಿ ಕೊಡುವುದರಿಂದ ಕನ್ನಡಕ್ಕೆ ಕುಂದಿಲ್ಲ. ಆ ಊರಿನ ಓದುಗನ ತಲೆಯೊಳಗೆ ಎರಡೂ ಭಾಷೆಗಳಿವೆ, ಪುಟದಲ್ಲಿಯೂ ಇರಬಹುದು.

8

ಇದರ ವಿರುದ್ಧ ಎರಡು ಆಕ್ಷೇಪಗಳು ಬರಬಹುದು, ಎರಡಕ್ಕೂ ತೂಕವಿದೆ. ಯಂತ್ರಕ್ಕೆ ಹಿತವಾಗಲೆಂದು ಬರೆಯತೊಡಗಿದರೆ ಬರವಣಿಗೆಯೇ ಕೆಡುತ್ತದೆ ಎಂಬುದು ಮೊದಲನೆಯದು. ಒಂದೇ ಪದವನ್ನು ಹತ್ತು ಸಲ ತುರುಕಿದ ಪುಟಗಳು, ಓದುಗನನ್ನು ಸೆಳೆಯುವ ಸುಳ್ಳು ಶೀರ್ಷಿಕೆಗಳು, ಪ್ರತಿ ಪದಕ್ಕೂ ಯಂತ್ರ ಹುಟ್ಟಿಸಿದ ಹುರುಳಿಲ್ಲದ ಸಾವಿರಾರು ಹಾಳೆಗಳು ಎಲ್ಲರಿಗೂ ಗೊತ್ತು. ಇಲ್ಲಿ ಹೇಳುತ್ತಿರುವುದು ಆ ವ್ಯಾಪಾರವಲ್ಲ. ಮೇಲಿನ ಯಾವ ಸಲಹೆಯೂ ವಚನದ ಒಂದು ಅಕ್ಷರವನ್ನು ಬದಲಿಸುವುದಿಲ್ಲ. ಪಠ್ಯದ ಸುತ್ತಲಿನ ವಿಳಾಸ, ಶೀರ್ಷಿಕೆ, ಕೊಂಡಿ, ಸೂಚಿಗಳನ್ನು ಮಾತ್ರ ಸರಿಪಡಿಸುತ್ತದೆ. ಒಳ್ಳೆಯ ಮುದ್ರಕ ಮಾಡುತ್ತಿದ್ದುದೂ ಇದನ್ನೇ. ಎಲ್ಲೆ ಯಾವುದೆಂಬುದನ್ನೂ ಹೇಳಬಹುದು: ಯಂತ್ರಕ್ಕೆ ತೋರಿಸಿದ್ದನ್ನೇ ಓದುಗನಿಗೂ ತೋರಿಸಬೇಕು, ಓದುಗನಿಗೆ ಉಪಯೋಗವಿಲ್ಲದ ಪುಟವನ್ನು ಯಂತ್ರಕ್ಕಾಗಿ ಹುಟ್ಟಿಸಬಾರದು.

ಎರಡನೆಯ ಆಕ್ಷೇಪ ಇನ್ನೂ ಗಹನ. ಕನ್ನಡ ಸಾಹಿತ್ಯದ ಬಾಗಿಲಿನ ಕೀಲಿಯನ್ನು ಹೊರನಾಡಿನ ಖಾಸಗಿ ಸಂಸ್ಥೆಯೊಂದರ ಕೈಗೆ ಕೊಡುವುದು ಸರಿಯೇ? ಅದು ನಾಳೆ ತನ್ನ ವಿಧಾನವನ್ನು ಬದಲಿಸಿದರೆ? 2009ರ ಏರ್ಪಾಡನ್ನು ನಂಬಿ ಕಟ್ಟಿದವರು 2015ರಲ್ಲಿ ಮತ್ತೆ ಕಟ್ಟಬೇಕಾಯಿತು ಎಂಬುದನ್ನು ಮರೆಯುವಂತಿಲ್ಲ. ಈ ಭಯಕ್ಕೆ ಉತ್ತರ ಅಡಗಿಕೊಳ್ಳುವುದಲ್ಲ. ಸ್ಥಿರವಿಳಾಸ, ಸರಳ ಎಚ್‌ಟಿಎಂಎಲ್, ಸಾಮಾನ್ಯ ಕೊಂಡಿ, ಇಡೀ ಸಂಗ್ರಹವನ್ನು ಇಳಿಸಿಕೊಳ್ಳುವ ಅವಕಾಶ, ಇವು ಯಾವ ಒಂದು ಸಂಸ್ಥೆಯ ಸೊತ್ತೂ ಅಲ್ಲ. ಇವನ್ನು ಪಾಲಿಸಿದ ತಾಣವನ್ನು ಇಂದಿನ ಶೋಧಯಂತ್ರವೂ ಓದುತ್ತದೆ, ನಾಳೆ ಬರುವುದೂ ಓದುತ್ತದೆ, ಇಂಟರ್ನೆಟ್ ಆರ್ಕೈವಿನಂಥ ದಾಖಲೆಮನೆಯೂ ಪ್ರತಿ ಇಟ್ಟುಕೊಳ್ಳುತ್ತದೆ. ಕ್ರಿಯಾಶೀಲ ಪುಟದ ದೊಡ್ಡ ದೌರ್ಬಲ್ಯವೆಂದರೆ ಸರ್ವರ್ ನಿಂತ ದಿನ ಅದರದೆಲ್ಲವೂ ನಿಲ್ಲುತ್ತದೆ. ಯೋಜನೆಯ ಅನುದಾನ ಮುಗಿದ ಮೇಲೆ ಉಳಿಯುವುದು ಬೇರೆಯವರು ನಕಲು ಮಾಡಿಕೊಂಡದ್ದು ಮಾತ್ರ. ತಾಳೆಗರಿಯ ಕಾವ್ಯಗಳು ಉಳಿದದ್ದೂ ಹಾಗೆಯೇ: ಒಂದು ಮಠದ ಪ್ರತಿ ನಶಿಸಿದಾಗ ಇನ್ನೊಂದು ಬಸದಿಯಲ್ಲಿ ನಕಲಿತ್ತು.

9

ಆದ್ದರಿಂದ ಕನ್ನಡ ವಿಮರ್ಶೆ ಡಿಜಿಟಲ್ ಸಂಪಾದನೆಗಳನ್ನು ಅಳೆಯುವ ಮಾನದಂಡಗಳಲ್ಲಿ ಗೋಚರತೆಯನ್ನೂ ಸೇರಿಸಿಕೊಳ್ಳಬೇಕು. ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಇಂಥ ತಾಣಕ್ಕೆ ಹಣ ಕೊಡುವಾಗ ಕೇಳಬೇಕಾದ ಪ್ರಶ್ನೆಗಳು ಕೆಲವೇ: ಪ್ರತಿ ಪಠ್ಯಕ್ಕೂ ಬದಲಾಗದ ವಿಳಾಸವಿದೆಯೇ? ಪೆಟ್ಟಿಗೆಯಲ್ಲಿ ಏನನ್ನೂ ಬರೆಯದೆ ಕೊಂಡಿಗಳ ಮೂಲಕವೇ ಪ್ರತಿ ಪಠ್ಯವನ್ನು ತಲುಪಬಹುದೇ? ಮೂಲಸಂಕೇತದಲ್ಲಿ ಪಠ್ಯ ಇದೆಯೇ? ಶೀರ್ಷಿಕೆ ಆಯಾ ಪಠ್ಯದ್ದೇ ಆಗಿದೆಯೇ? ಪಾಠಾಂತರವನ್ನೂ ಹೆಸರಿನ ರೂಪಭೇದಗಳನ್ನೂ ಸಂಪಾದಕರು ನಿರ್ಣಯಿಸಿದ್ದಾರೆಯೇ? ಸಂಗ್ರಹ ಮತ್ತೊಬ್ಬರಲ್ಲಿಯೂ ಇದೆಯೇ? ಇವುಗಳಲ್ಲಿ ಒಂದಕ್ಕೂ ಭಾರಿ ವೆಚ್ಚವಿಲ್ಲ, ಆದರೆ ಒಂದೊಂದಕ್ಕೂ ಕನ್ನಡ ಬಲ್ಲವರ ಗಮನ ಬೇಕು.

ಶಿಲಾಹಾರ ಗಂಡರಾದಿತ್ಯನ ಕಾಲದ ಕಂಡರಣೆಗಾರ ಶಾಸನವನ್ನು ಗುಡಿಯ ಎದುರಿಗೆ, ಕೆರೆಯ ಏರಿಗೆ, ಜನ ಹಾಯುವ ಜಾಗದಲ್ಲಿ ನಿಲ್ಲಿಸುತ್ತಿದ್ದುದು ಸುಮ್ಮನೆ ಅಲ್ಲ. ಕಲ್ಲು ಎಷ್ಟು ಗಟ್ಟಿಯೋ ಅದು ನಿಂತ ಜಾಗವೂ ಅಷ್ಟೇ ಮುಖ್ಯವಾಗಿತ್ತು. ಆ ದಾನವನ್ನು ಕಾಯಬೇಕಾದವರು ದಿನವೂ ಅದನ್ನು ಕಾಣಬೇಕಿತ್ತು. ಕೊಲ್ಹಾಪುರ ಸೀಮೆಯ ಕನ್ನಡವನ್ನು ಮುಂದಕ್ಕೆ ಒಯ್ಯಬೇಕಾದವರು ಇಂದು ಹಾಯುತ್ತಿರುವ ದಾರಿ ಶೋಧಯಂತ್ರದ್ದು. ಪಠ್ಯಗಳನ್ನು ಆ ದಾರಿಯ ಬದಿಯಲ್ಲಿ ನಿಲ್ಲಿಸುವ ಹೊಣೆ ಸಂಪಾದಕರದು.